ಹೆಬ್ಬೆರಳಿನಿಂದ ಶುರು: ಹಳೆಯ ಗಿಟಾರಿನಲ್ಲಿ ನಿಧಾನವಾಗಿ ಬ್ಲೂಸ್ ಕಲಿಯುವುದು

ಅಟ್ಟದಿಂದ ಇಳಿಸಿದ ಹಳೆಯ ಗಿಟಾರಿಗೆ ಮೊದಲ ದಿನ ಮಾಡಬಾರದ ಕೆಲಸ ಒಂದಿದೆ. ಪೇಟೆಗೆ ಹೋಗಿ ಸಿಕ್ಕ ತಂತಿ ತಂದು, ಮೊಬೈಲಿನ ಟ್ಯೂನರ್ ನೋಡುತ್ತ ಪೂರ್ತಿ ಶ್ರುತಿಗೆ ಏರಿಸಿಬಿಡುವುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 12ರ ಸೆಟ್ಟು, ಅಂದರೆ ಸಣ್ಣ ತಂತಿ 0.012 ಇಂಚು ದಪ್ಪದ್ದು, ಪೂರ್ತಿ ಶ್ರುತಿಯಲ್ಲಿ ಒಟ್ಟು 70 ಕಿಲೋಗೂ ಹೆಚ್ಚು ಎಳೆಯುತ್ತದೆ. ತಂತಿಗಳನ್ನು ಹೊತ್ತ ಮರದ ತುಂಡಿಗೆ ಬ್ರಿಡ್ಜ್ ಎನ್ನುತ್ತಾರೆ; ಆಳೊಬ್ಬ ಅದನ್ನು ಹಿಡಿದು ಜೋತುಬಿದ್ದ ಲೆಕ್ಕ. ವರ್ಷಗಟ್ಟಲೆ ಸಡಿಲ ತಂತಿಯಲ್ಲಿ ಮಲಗಿದ್ದ, ಅಂಟು ಒಣಗಿದ ಮರ ಅದನ್ನು ಒಂದು ವಾರ ತಡೆದುಕೊಂಡು ಎಂಟನೇ ದಿನ ನಡುರಾತ್ರಿ 'ಫಟ್' ಅಂದರೆ ಆಶ್ಚರ್ಯಪಡಬೇಕಿಲ್ಲ.

ಅದೃಷ್ಟಕ್ಕೆ, ಅಕೌಸ್ಟಿಕ್ ಬ್ಲೂಸ್, ಅಂದರೆ ವಿದ್ಯುತ್ತಿಲ್ಲದ ಗಿಟಾರಿನಲ್ಲಿ ನುಡಿಸುವ ಆಫ್ರಿಕನ್-ಅಮೆರಿಕನ್ನರ ಹಾಡುಗಾರಿಕೆ, ಇಂಥ ವಾದ್ಯಕ್ಕೆ ಹೇಳಿ ಮಾಡಿಸಿದ ಸಂಗೀತ. ಶ್ರುತಿ ಇಳಿಸಿಕೊಂಡರೂ ನಡೆಯುತ್ತದೆ. ಮೇಲಿನ ಫ್ರೆಟ್‌ಗಳ ಗೊಡವೆ ಬೇಕಿಲ್ಲ (ಫ್ರೆಟ್ ಅಂದರೆ ಎಡಗೈ ಹಿಡಿಯುವ ಉದ್ದ ಕುತ್ತಿಗೆ, ಅಂದರೆ ನೆಕ್ಕಿನ ಮೇಲೆ ಅಡ್ಡ ಕೂರಿಸಿದ ಲೋಹದ ಗೆರೆ). ಮೊದಲ ನಾಲ್ಕು ಫ್ರೆಟ್ ನೆಟ್ಟಗಿದ್ದರೆ ಆರು ತಿಂಗಳ ಪಾಠ ಸಾಗುತ್ತದೆ. 1920-30ರ ದಶಕದಲ್ಲಿ ಮಿಸಿಸಿಪ್ಪಿ, ಟೆಕ್ಸಾಸ್ ಕಡೆಯ ಆಫ್ರಿಕನ್-ಅಮೆರಿಕನ್ ವಾದಕರಲ್ಲಿ ಬಹಳ ಮಂದಿಯ ಕೈಯಲ್ಲಿ ಇದ್ದದ್ದೂ ಅಂಚೆಯಲ್ಲಿ ತರಿಸಿಕೊಂಡ ಅಗ್ಗದ ಗಿಟಾರುಗಳೇ.

ಮೊದಲು ಕೈಗೆ ಬಂದದ್ದು ಯಾವ ಜಾತಿ ನೋಡಿ

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್, ಧಾರವಾಡದ ಹಳೆಯ ಮನೆಗಳು, ಗಣೇಶೋತ್ಸವಕ್ಕೆ ಬಾರಿಸುತ್ತಿದ್ದ ಆರ್ಕೆಸ್ಟ್ರಾದವರ ಪೆಟ್ಟಿಗೆ, ಇಲ್ಲೆಲ್ಲ ಸಿಗುವ ಗಿಟಾರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ದುಂಡು ತೂತು, ಅಂಟಿಸಿದ ಬ್ರಿಡ್ಜ್, ತಂತಿಯ ಗುಂಡನ್ನು ಬಿರಡೆ ಹಾಕಿ ಒಳಗೆ ಸಿಗಿಸಿರುವುದು: ಇದು ಸ್ಟೀಲ್ ತಂತಿಯ ಗಿಟಾರ್. ಈ ಲೇಖನ ಹೆಚ್ಚಾಗಿ ಇದಕ್ಕೇ.

ಪಿಟೀಲಿನ ಹಾಗೆ ಎರಡು ಬದಿ ಉದ್ದ ತೂತು, ತಂತಿಗಳು ಹಿಂದಿನ ಲೋಹದ ಬಾಲಕ್ಕೆ ಸಿಕ್ಕಿ, ಬ್ರಿಡ್ಜ್ ಬರೀ ಒತ್ತಡದ ಮೇಲೆ ನಿಂತಿರುವುದು: ಇದರ ಬ್ರಿಡ್ಜ್ ತಂತಿ ಬಿಚ್ಚಿದರೆ ಕೈಗೇ ಬರುತ್ತದೆ. ಬಿಚ್ಚುವ ಮೊದಲು ಅದರ ಎರಡೂ ಕಾಲಿನ ಸುತ್ತ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ. ಗುರುತು ಇಲ್ಲದೇ ಹೋಗಿದ್ದರೆ ನಟ್‌ನಿಂದ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಅಡ್ಡಪಟ್ಟಿ) 12ನೇ ಫ್ರೆಟ್ಟಿನವರೆಗೆ ಅಳೆದು ಇಮ್ಮಡಿ ಮಾಡಿ. 322 ಮಿ.ಮೀ. ಬಂದರೆ 644. ಅದಕ್ಕೆ ಸಣ್ಣ ತಂತಿಯ ಬದಿಗೆ 2 ಮಿ.ಮೀ., ದಪ್ಪ ತಂತಿಯ ಬದಿಗೆ 4-5 ಮಿ.ಮೀ. ಸೇರಿಸಿ ಬ್ರಿಡ್ಜನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ. ಆಮೇಲೆ 12ನೇ ಫ್ರೆಟ್ ಒತ್ತಿ ಬಂದ ಸ್ವರವನ್ನೂ, ಅಲ್ಲೇ ತಂತಿಯನ್ನು ಬರೀ ಮುಟ್ಟಿ ಮೀಟಿದಾಗ ಬರುವ ಗಂಟೆಯಂಥ ಸ್ವರವನ್ನೂ ಹೋಲಿಸಿ. ಒತ್ತಿದ್ದು ಮೇಲಿದ್ದರೆ ಬ್ರಿಡ್ಜನ್ನು ಹಿಂದೆ ಸರಿಸಿ, ಕೆಳಗಿದ್ದರೆ ಮುಂದೆ.

ಮೂರನೆಯದು ನೈಲಾನ್ ತಂತಿಯದ್ದು. ಅಗಲ ನೆಕ್, ತಂತಿಯನ್ನು ಬ್ರಿಡ್ಜಿಗೆ ಗಂಟು ಹಾಕಿ ಕಟ್ಟುವ ವ್ಯವಸ್ಥೆ ಇರುತ್ತದೆ. ಇದಕ್ಕೆ ಸ್ಟೀಲ್ ತಂತಿ ಹಾಕಲೇಬೇಡಿ, ಬ್ರಿಡ್ಜ್ ಕಿತ್ತು ಬರುತ್ತದೆ. ನೈಲಾನಿನಲ್ಲೂ ಕೆಳಗಿನ ಪಾಠಗಳೆಲ್ಲ ಆಗುತ್ತವೆ, ನಾದ ಮಾತ್ರ ಮೆತ್ತಗೆ.

ನಾಲ್ಕನೆಯದು ಹವಾಯಿಯನ್ ಗಿಟಾರ್. ನಟ್ ಬಳಿಯೇ ತಂತಿ ಬೆರಳು ತೂರುವಷ್ಟು ಎತ್ತರ ಇದ್ದರೆ ಅದು ಮಡಿಲಲ್ಲಿಟ್ಟು ಕಬ್ಬಿಣದ ಸರಳಿನಿಂದ ನುಡಿಸುತ್ತಿದ್ದದ್ದು. ಕೆಲವದರಲ್ಲಿ ಎತ್ತರದ ನಟ್ ಬರೀ ಟೋಪಿಯ ಹಾಗೆ ಕೂತಿರುತ್ತದೆ. ತಂತಿ ಸಡಿಲಿಸಿದರೆ ಅದು ಎದ್ದು ಬರುತ್ತದೆ, ಕೆಳಗೆ ಮಾಮೂಲಿ ನಟ್ ಇರುತ್ತದೆ. ಹಾಗೆ ಇಲ್ಲದಿದ್ದರೆ ಒತ್ತಿ ನುಡಿಸುವ ಆಸೆ ಬಿಟ್ಟು ನೇರ ಕೊನೆಯ ಭಾಗಕ್ಕೆ, ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡಿಗೆ, ಹೋಗಿ.

ತಪಾಸಣೆ: ಟಾರ್ಚು, ವಿಸಿಟಿಂಗ್ ಕಾರ್ಡು, ಸ್ಟೀಲ್ ಪಟ್ಟಿ

ಮೊಬೈಲಿನ ಟಾರ್ಚ್ ಹಾಕಿ ತೂತಿನೊಳಗೆ ಸಣ್ಣ ಕನ್ನಡಿ ಹಿಡಿದು ಮೇಲ್ಹಲಗೆಯ ಒಳಮೈ ನೋಡಿ. ಅಲ್ಲಿ ಅಡ್ಡ ಅಥವಾ ಕತ್ತರಿಯಾಕಾರದಲ್ಲಿ ಮರದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಪಟ್ಟಿಯ ತುದಿ ಎದ್ದು ಸಂದು ಕಂಡರೆ ಅದೇ ರೋಗ. ಕಾಣದಿದ್ದರೆ ಬೆರಳ ಗೆಣ್ಣಿನಿಂದ ಹಲಗೆಯ ಮೇಲೆ ಅಲ್ಲಲ್ಲಿ ಬಡಿಯಿರಿ. ತೆಂಗಿನಕಾಯಿ ಬಡಿದು ನೋಡುವಷ್ಟೇ ಮೆಲ್ಲಗೆ. ಸಡಿಲ ಪಟ್ಟಿ ಇರುವಲ್ಲಿ 'ಟಕ್' ಬದಲು 'ಝರ್' ಅನ್ನುತ್ತದೆ.

ಬ್ರಿಡ್ಜಿನ ಹಿಂಬದಿಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ನೋಡಿ. ತೂರದಿದ್ದರೆ ಒಳ್ಳೆಯದು. 1-2 ಮಿ.ಮೀ. ಹೋಗಿ ನಿಂತರೆ ಸದ್ಯಕ್ಕೆ ನಡೆಯುತ್ತದೆ, ಶ್ರುತಿ ಇಳಿಸಿಯೇ ಇಡಿ. ಅದಕ್ಕೂ ಒಳಗೆ ಹೋದರೆ ಬ್ರಿಡ್ಜ್ ಬಿಚ್ಚಿ ಹೊಸದಾಗಿ ಅಂಟಿಸಬೇಕು. ಸಂದಿಗೆ ಅಂಟು ಸುರಿದು ಮೇಲೆ ಕಲ್ಲು ಹೇರುವುದರಿಂದ ಆಗುವುದಿಲ್ಲ. ಬಡಿಗೇರರ ಬಿಳಿ ಅಂಟು ಬಾಗಿಲು, ಕಪಾಟಿಗೆ ಗಟ್ಟಿ. ಆದರೆ ಎಡೆಬಿಡದ ಎಳೆತಕ್ಕೂ ಬೇಸಿಗೆಯ ಸೆಕೆಗೂ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತದೆ. ಒಮ್ಮೆ ಅದು ಮರದ ರಂಧ್ರಕ್ಕೆ ಇಳಿಯಿತೆಂದರೆ ಮುಂದೆ ಸರಿಯಾದ ಅಂಟು ಕೂಡ ಹಿಡಿಯುವುದಿಲ್ಲ.

ಇನ್ನು ನೆಕ್ಕಿನ ಕೋನ. ಉದ್ದದ ಸ್ಟೀಲ್ ಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜಿನವರೆಗೆ ಚಾಚಿ. ಪಟ್ಟಿಯ ತುದಿ ಬ್ರಿಡ್ಜಿನ ಮರದ ನೆತ್ತಿಗೆ ಬಂದು ತಾಗಿದರೆ ಕೋನ ಸರಿ. ನೆತ್ತಿಗಿಂತ 2-3 ಮಿ.ಮೀ. ಕೆಳಗೆ ಹೋಗಿ ಬ್ರಿಡ್ಜಿನ ಎದೆಗೆ ಗುದ್ದಿದರೆ ನೆಕ್ ಮುಂದಕ್ಕೆ ಬಾಗಿದೆ ಎಂದರ್ಥ. ಅದನ್ನು ಸರಿಮಾಡಲು ನೆಕ್ ಬಿಚ್ಚಿ ಮತ್ತೆ ಕೂರಿಸಬೇಕು. ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು. ಇಂಥದನ್ನು ಸ್ಲೈಡಿಗೆ ಮೀಸಲಿಡುವುದೇ ಜಾಣತನ.

ತಂತಿಯ ಎತ್ತರವನ್ನು 12ನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ಅಳೆಯಿರಿ. ದಪ್ಪ ತಂತಿಗೆ 2.5, ಸಣ್ಣ ತಂತಿಗೆ 2 ಮಿ.ಮೀ. ಇದ್ದರೆ ಸುಖ. ಬ್ಲೂಸಿಗೆ ಇನ್ನರ್ಧ ಮಿ.ಮೀ. ಹೆಚ್ಚಿದ್ದರೂ ನಡೆದೀತು, ಹೆಬ್ಬೆರಳಿನ ಪೆಟ್ಟಿಗೆ ತಂತಿ ಝೇಂಕರಿಸುವುದಿಲ್ಲ. 4 ಮಿ.ಮೀ. ದಾಟಿದರೆ ಬೆರಳು ಸೋಲುತ್ತದೆ, ಜೊತೆಗೆ ಒತ್ತಿದಾಗ ತಂತಿ ಹಿಗ್ಗಿ ಸ್ವರವೂ ಏರುತ್ತದೆ. ಇಳಿಸುವ ಲೆಕ್ಕ ಹೀಗಿದೆ: 12ನೇ ಫ್ರೆಟ್ಟಿನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್, ಅಂದರೆ ಬ್ರಿಡ್ಜಿನ ಮೇಲಿನ ಬಿಳಿ ಎಲುಬಿನ ಪಟ್ಟಿ, 2 ಮಿ.ಮೀ. ಸವೆಯಬೇಕು. ಸಪಾಟು ಗಾಜಿನ ಮೇಲೆ 220 ನಂಬರಿನ ಪಾಲಿಶ್ ಪೇಪರ್ ಅಂಟಿಸಿ ಸ್ಯಾಡಲಿನ ತಳ ಉಜ್ಜಿ. ನೆತ್ತಿಯನ್ನು ಮುಟ್ಟಬೇಡಿ. ಅರ್ಧ ಮಿ.ಮೀ. ಉಜ್ಜಿ, ಕೂರಿಸಿ, ನುಡಿಸಿ, ಮತ್ತೆ ಉಜ್ಜಿ. ಬ್ರಿಡ್ಜಿನಿಂದ ಕನಿಷ್ಠ 3 ಮಿ.ಮೀ. ಮೇಲೆ ಉಳಿಯದಿದ್ದರೆ ತಂತಿಯ ಒತ್ತಡ ಕಡಿಮೆಯಾಗಿ ನಾದ ಸಪ್ಪೆಯಾಗುತ್ತದೆ.

ಇಲ್ಲಿ ನಮ್ಮ ಕಡೆಗೇ ವಿಶೇಷವಾದ ಒಂದು ಎಚ್ಚರಿಕೆ. ಧಾರವಾಡದ ಸುತ್ತ ತಂಬೂರಿ, ಸಿತಾರ್ ದುರಸ್ತಿ ಬಲ್ಲವರು ಸಿಗುತ್ತಾರೆ. ಮಿರಜದ ಕಾರಿಗರಂತೂ ಹೆಸರುವಾಸಿ. ಸೀಳು ಬಿಟ್ಟ ಹಲಗೆ, ಎದ್ದ ಪಟ್ಟಿ, ಸಡಿಲ ಬ್ರಿಡ್ಜ್ ಇವುಗಳಿಗೆ ಅವರ ಕೈಯನ್ನು ಧಾರಾಳವಾಗಿ ನಂಬಬಹುದು. ಆದರೆ ಸ್ಯಾಡಲ್ ಕೊಡುವಾಗ 'ಜವಾರಿ ಬೇಡ' ಎಂದು ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಕೋಳಿಯೂ ಜವಾರಿ, ಬೀಜವೂ ಜವಾರಿ, ಜವಾರಿ ಅಂದರೆ ಒಳ್ಳೆಯದೇ. ತಂಬೂರಿಯ ಜವಾರಿಯೂ ಅಷ್ಟೇ: ಎಲುಬಿನ ನೆತ್ತಿಯನ್ನು ಅಗಲವಾಗಿ, ನಯವಾದ ಇಳಿಜಾರು ಮಾಡಿ ತಂತಿ ಅದನ್ನು ಸವರುವಂತೆ ಮಾಡುವುದು. ಗಿಟಾರಿಗೆ ಬೇಕಾದದ್ದು ಅದರ ತದ್ವಿರುದ್ಧ, ತಂತಿ ಒಂದೇ ಗೆರೆಯಲ್ಲಿ ಮುರಿದು ಇಳಿಯಬೇಕು. ನೆತ್ತಿ ಸಪಾಟಾದರೆ ತಂತಿ ಸಿತಾರಿನ ಹಾಗೆ 'ಝಂಯ್' ಎನ್ನಲು ಶುರುವಾಗುತ್ತದೆ. ಫ್ರೆಟ್ ಬದಲಿಸುವುದು, ನೆಕ್ ಕೋನ ಸರಿಪಡಿಸುವುದು ಗಿಟಾರ್ ದುರಸ್ತಿಯವರದೇ ಕೆಲಸ.

ತಂತಿ ಬಿಗಿಯುವ ಕೀಗಳು ಗಟ್ಟಿಯಾಗಿದ್ದರೆ ಹಲ್ಲಿನ ಚಕ್ರಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ, ಅದೂ ಕಡ್ಡಿಯ ತುದಿಯಿಂದ. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಕಮಟು ವಾಸನೆ ಬರುತ್ತದೆ, ಧೂಳು ಹಿಡಿಯುತ್ತದೆ.

ತಂತಿ ಮತ್ತು ಶ್ರುತಿ

11ರ ಸೆಟ್ಟು ತನ್ನಿ, ಪೂರ್ತಿ ಶ್ರುತಿಗಿಂತ ಎರಡು ಫ್ರೆಟ್ಟಿನಷ್ಟು ಕೆಳಗೆ ನಿಲ್ಲಿಸಿ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ದಪ್ಪ ತಂತಿಯಿಂದ (ಆರನೆಯದು) ಸಣ್ಣದರವರೆಗೆ (ಒಂದನೆಯದು), ಮಾಮೂಲಿ ಇ-ಎ-ಡಿ-ಜಿ-ಬಿ-ಇ ಬದಲು ಡಿ-ಜಿ-ಸಿ-ಎಫ್-ಎ-ಡಿ. ಎಳೆತ ಆವರ್ತನದ ವರ್ಗಕ್ಕೆ ಅನುಗುಣವಾಗಿರುವುದರಿಂದ ಇಷ್ಟು ಇಳಿಸಿದರೆ ಸುಮಾರು 20% ಭಾರ ತಪ್ಪುತ್ತದೆ. ಬರೀ ಒಂದು ಫ್ರೆಟ್ ಇಳಿಸಿದರೆ ತಪ್ಪುವುದು 11% ಮಾತ್ರ. ಸೆಟ್ಟನ್ನು 12ರಿಂದ 11ಕ್ಕೆ ಇಳಿಸಿದ್ದರ ಉಳಿತಾಯ ಬೇರೆ. ಹಲಗೆ ಇನ್ನೂ ಅಳುಕುವಂತಿದ್ದರೆ 10ರ ಸೆಟ್ಟು ಹಾಕಿ, ಆದರೆ ಆ ತಂತಿ ಈ ಶ್ರುತಿಯಲ್ಲಿ ತುಸು ಜೋಲು, ಮೆಲ್ಲಗೆ ಮೀಟಬೇಕು.

ಏರಿಸುವುದೂ ಎರಡು ದಿನದ ಕೆಲಸ. ಮೊದಲ ದಿನ ನಾಲ್ಕು ಫ್ರೆಟ್ಟಿನಷ್ಟು ಕೆಳಗೆ ನಿಲ್ಲಿಸಿ ಬಿಟ್ಟುಬಿಡಿ. ಮರುದಿನ ಎರಡು ಫ್ರೆಟ್ ಕೆಳಗಿನ ಶ್ರುತಿಗೆ ತನ್ನಿ. 12ನೇ ಫ್ರೆಟ್ಟಿನ ಎತ್ತರ ಅಳೆದು ತಾರೀಖಿನೊಂದಿಗೆ ಪೆಟ್ಟಿಗೆಯೊಳಗೆ ಚೀಟಿ ಅಂಟಿಸಿ. ವಾರ ಬಿಟ್ಟು ಅಳೆದಾಗ ಅರ್ಧ ಮಿ.ಮೀ.ಗಿಂತ ಹೆಚ್ಚು ಏರಿದ್ದರೆ, ಅಥವಾ ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬಿ ಮುಂದೆ ತಗ್ಗು ಬಿದ್ದಿದ್ದರೆ, ತಂತಿ ಸಡಿಲಿಸಿ ದುರಸ್ತಿಗೆ ಒಯ್ಯಿರಿ.

ಇನ್ನು ಮುಂದೆ ಇ, ಎ, ಬಿ ಎಂದು ಹೇಳುವುದೆಲ್ಲ ಕೈಯ ಆಕಾರದ ಹೆಸರು, ಕೇಳುವ ಸ್ವರ ಎರಡು ಫ್ರೆಟ್ ಕೆಳಗಿನದು. ಇ ಆಕಾರ ಹಿಡಿದರೆ ಕೇಳುವುದು ಡಿ, ಅಂದರೆ ಹಾರ್ಮೋನಿಯಂನ ಬಿಳಿ ಎರಡು. ಮೊಬೈಲಿನ ತಂಬೂರಿಯನ್ನು ಅದೇ ಷಡ್ಜಕ್ಕೆ ಇಟ್ಟುಕೊಂಡರೆ ಅಭ್ಯಾಸಕ್ಕೆ ಒಳ್ಳೆಯ ಜೊತೆ.

ಆದರೆ ಖ್ಯಾಲ್ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ಕಿರಿಕಿರಿ ಕಾದಿದೆ. ತಂಬೂರಿಯ ಜೊತೆ ಇ ಕಾರ್ಡ್ (ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ಮೊಳಗುವ ಹಿಡಿತ) ಮೀಟಿದಾಗ ಅದರ ಗಂಧಾರ ಏರಿದಂತೆ ಕೇಳುತ್ತದೆ. ಕೇಳುವುದೇನು, ಏರಿರುವುದೇ ನಿಜ. ಫ್ರೆಟ್ ಕೊಡುವ ಗಂಧಾರ ತಂಬೂರಿಯ ಸಹಜ ಗಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ; ಸೆಂಟ್ ಅಂದರೆ ಒಂದು ಫ್ರೆಟ್ಟಿನ ಅಂತರದ ನೂರರಲ್ಲೊಂದು ಪಾಲು. ಹಳೆಯ ಗಿಟಾರಿನ ನಟ್ ಎತ್ತರವಿದ್ದರೆ ಮೂರನೇ ತಂತಿಯ ಒಂದನೇ ಫ್ರೆಟ್ ಒತ್ತಿದಾಗ ಇನ್ನೂ ಏರುತ್ತದೆ. ಮೂರನೇ ತಂತಿಯನ್ನು ಟ್ಯೂನರ್ ತೋರಿಸುವುದಕ್ಕಿಂತ 4-5 ಸೆಂಟ್ ಇಳಿಸಿ, ಸಾಕು. ಪೂರ್ತಿ 14 ಇಳಿಸಿದರೆ ಇ ಚೆನ್ನಾಗಿ ಕೇಳಿ ಬೇರೆ ಕಾರ್ಡುಗಳು ಕೆಡುತ್ತವೆ.

ಮಳೆಗಾಲ, ಬೇಸಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಗೋಡೆಗಳೇ ಬೆವರುತ್ತವೆ. ಮರ ತೇವ ಕುಡಿದು ಹಲಗೆ ಉಬ್ಬುತ್ತದೆ, ತಂತಿ ಮೇಲೇರುತ್ತದೆ. ಮಾರ್ಚ್-ಏಪ್ರಿಲ್‌ನ ಒಣ ಸೆಕೆಯಲ್ಲಿ ಮರ ಕುಗ್ಗಿ ತಂತಿ ಕೆಳಗಿಳಿದು ಝೇಂಕರಿಸುತ್ತದೆ, ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ, ಹಲಗೆ ಸೀಳುವುದೂ ಆಗಲೇ. ಮರಕ್ಕೆ ಹಿತವಾದದ್ದು 45ರಿಂದ 55% ತೇವಾಂಶ. ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು, ಬೇಸಿಗೆಯಲ್ಲಿ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು. ಹೊರಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಡಿ. ಮಳೆಗಾಲದಲ್ಲಿ ಎತ್ತರ ಏರಿತೆಂದು ಸ್ಯಾಡಲ್ ಉಜ್ಜಿದವರು ಏಪ್ರಿಲ್‌ನಲ್ಲಿ ಹೊಸ ಸ್ಯಾಡಲ್ ಹುಡುಕುತ್ತಾರೆ.

ಹೆಬ್ಬೆರಳು

ಅಕೌಸ್ಟಿಕ್ ಬ್ಲೂಸ್‌ನಲ್ಲಿ ಬಲಗೈ ಹೆಬ್ಬೆರಳೇ ತಬಲಾ. ಎಡಗೈಯ ಚಮತ್ಕಾರ ಆಮೇಲೆ. ಮೊದಲ ಎರಡು ವಾರ ಎಡಗೈಗೆ ಕೆಲಸವೇ ಇಲ್ಲ ಎಂದುಕೊಳ್ಳಿ.

ಬಲ ಅಂಗೈಯ ಅಂಚನ್ನು, ಕಿರುಬೆರಳಿನ ಕೆಳಗಿನ ದಿಂಡನ್ನು, ಸ್ಯಾಡಲಿನ ಮೇಲೆಯೇ ಮೆಲ್ಲಗೆ ಊರಿ. ಆರನೇ ತಂತಿಯನ್ನು ಹೆಬ್ಬೆರಳಿನ ಮಾಂಸದಿಂದ ಕೆಳಮುಖವಾಗಿ ತಳ್ಳಿ, ಬೆರಳು ಐದನೇ ತಂತಿಗೆ ಬಂದು ಆತುಕೊಂಡು ನಿಲ್ಲಲಿ. 'ಧುಮ್' ಎಂಬ ಗಿಡ್ಡ ನಾದ ಬರಬೇಕು, ಅದರೊಳಗೆ ಸ್ವರವೂ ಗೊತ್ತಾಗಬೇಕು. ಬರೀ ಕಟ್ಟಿಗೆ ಬಡಿದ ಸದ್ದು ಬಂದರೆ ಅಂಗೈ ತೂತಿನ ಕಡೆ ಜಾಸ್ತಿ ಸರಿದಿದೆ, ಎರಡು-ಮೂರು ಮಿ.ಮೀ. ಹಿಂದೆ ಎಳೆಯಿರಿ. ನಾದ ಉದ್ದಕ್ಕೆ ಮೊಳಗಿದರೆ ಅಂಗೈ ಸ್ಯಾಡಲಿನ ಹಿಂದೆ ಹೋಗಿದೆ.

ಮೆಟ್ರೊನೋಮ್, ಅಂದರೆ ಒಂದೇ ಸಮ ಟಕ್ ಟಕ್ ಎನ್ನುವ ಲಯಯಂತ್ರ, ನಿಮಿಷಕ್ಕೆ 50. ಪ್ರತಿ ಟಕ್ಕಿಗೂ ಒಂದು ಪೆಟ್ಟು. ಐದು ನಿಮಿಷ ನಿಲ್ಲಿಸದೆ. ಬೇಸರ ಬರುತ್ತದೆ, ಬರಲಿ. ಇಷ್ಟರಲ್ಲಿ ಮನಸ್ಸು ಬೇರೆಡೆ ಹೋದರೂ ಹೆಬ್ಬೆರಳು ತಪ್ಪದಿದ್ದರೆ ಮುಂದಿನ ಹಂತಕ್ಕೆ ಅರ್ಹರು. ಪರೀಕ್ಷೆ ಸುಲಭ: ಬಾರಿಸುತ್ತಲೇ ಮನೆಯವರ ಜೊತೆ ಸಂತೆಗೆ ಏನೇನು ತರಬೇಕೆಂದು ಮಾತಾಡಿ. ಪೆಟ್ಟು ತಪ್ಪಿದರೆ ಇನ್ನೂ ಮೂರು ದಿನ ಇದೇ ಪಾಠ.

ಈಗ ಲಯ. ಬ್ಲೂಸ್‌ನ ತೂಗಾಟಕ್ಕೆ ಶಫಲ್ ಎನ್ನುತ್ತಾರೆ. ಪ್ರತಿ ಮಾತ್ರೆಯನ್ನೂ ಮೂರು ಪಾಲು ಮಾಡಿ, ನಡುವಿನದನ್ನು ನುಂಗುವುದು. ಇದನ್ನು ಇಂಗ್ಲಿಷ್ ಪಾಠಗಳಲ್ಲಿ ವಿವರಿಸಲು ಒದ್ದಾಡುತ್ತಾರೆ. ದಾದ್ರಾ ಕೇಳಿದವರಿಗೆ ಒಂದು ನಿಮಿಷದ ಕೆಲಸ. ಟಕ್ಕಿಗೆ ಸರಿಯಾಗಿ 'ಧಾ' ಬರುವಂತೆ ಬಾಯಲ್ಲಿ 'ಧಾ ಧಿ ನಾ, ಧಾ ತಿ ನಾ' ಹೇಳಿ. ಹೆಬ್ಬೆರಳು 'ಧಾ'ದ ಮೇಲೆ. ಎರಡು ದಿನ ಬಿಟ್ಟು, 'ನಾ'ದ ಮೇಲೆ ತೋರುಬೆರಳಿನಿಂದ ಒಂದನೇ ತಂತಿಯನ್ನು ಮೇಲಕ್ಕೆ ಎಳೆಯಿರಿ. 'ಧಿ' ಬಾಯಲ್ಲಿ ಮಾತ್ರ ಇರಲಿ.

ಇಲ್ಲೇ ಎಲ್ಲರೂ ಮುಗ್ಗರಿಸುವುದು. ತೋರುಬೆರಳು ಎದ್ದ ಕೂಡಲೇ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ, 'ನಾ'ದ ಮೇಲೆ ಎರಡೂ ಬೀಳುತ್ತವೆ. ಕಾರಣ, ಕೈ ಇಷ್ಟು ವರ್ಷ ಐದು ಬೆರಳನ್ನೂ ಒಟ್ಟಿಗೆ ಮುಚ್ಚಿ ಹಿಡಿಯಲು ಕಲಿತಿದೆ. ಒಟ್ಟಿಗೆ ಹೊಡೆಯುವುದನ್ನೇ ಮೊದಲು ಕಲಿಸಿ: ನಾಲ್ಕು ಮಾತ್ರೆಗಳಲ್ಲಿ ಮೊದಲ 'ಧಾ'ಕ್ಕೆ ಹೆಬ್ಬೆರಳು-ತೋರುಬೆರಳು ಎರಡೂ ಚಿವುಟಿದಂತೆ ಕೂಡಲಿ, ಉಳಿದ ಮೂರು ಬರೀ ಹೆಬ್ಬೆರಳು. ಆಮೇಲೆ ಚಿವುಟುವುದನ್ನು ಎರಡನೇ ಮಾತ್ರೆಗೆ ಸರಿಸಿ, ಮೂರಕ್ಕೆ, ನಾಲ್ಕಕ್ಕೆ. ಅದು ಹದಕ್ಕೆ ಬಂದ ಮೇಲೆ ನಾಲ್ಕರ ಕೊನೆಯ 'ನಾ' ಒಂದೇ ಒಂದು. ಮೆಟ್ರೊನೋಮನ್ನು 40ಕ್ಕೆ ಇಳಿಸಲು ಸಂಕೋಚ ಬೇಡ. ವಿಲಂಬಿತ ಏಕತಾಲದ ಊರಲ್ಲಿ 40 ಎಂದರೆ ಓಟವೇ.

ದಿನಕ್ಕೆ 15 ನಿಮಿಷದ ಎರಡು ಪಾಳಿ ಸಾಕು. ಒಂದೂವರೆ ಗಂಟೆ ಒಮ್ಮೆಗೇ ಕೂತರೆ ದಣಿದ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ.

ಹನ್ನೆರಡು ಬಾರ್

ಮೂರನೇ ವಾರ ಎಡಗೈ. ಬೇಕಾದದ್ದು ಮೂರೇ ಕಾರ್ಡ್.

ಇ7: ಐದನೇ ತಂತಿ ಎರಡನೇ ಫ್ರೆಟ್, ಮೂರನೇ ತಂತಿ ಒಂದನೇ ಫ್ರೆಟ್, ಉಳಿದವು ಖಾಲಿ. ಹೆಬ್ಬೆರಳು ಆರನೇ ತಂತಿಗೆ.
ಎ7: ನಾಲ್ಕನೇ ತಂತಿ ಎರಡು, ಎರಡನೇ ತಂತಿ ಎರಡು. ಹೆಬ್ಬೆರಳು ಖಾಲಿ ಐದನೇ ತಂತಿಗೆ.
ಬಿ7: ಐದನೇ ತಂತಿ ಎರಡು, ನಾಲ್ಕನೇ ತಂತಿ ಒಂದು, ಮೂರನೇ ತಂತಿ ಎರಡು, ಒಂದನೇ ತಂತಿ ಎರಡು. ಎರಡನೇ ತಂತಿ ಖಾಲಿ. ಹೆಬ್ಬೆರಳು ಐದನೇ ತಂತಿಗೆ.

ಬಿ7ಗೆ ನಾಲ್ಕೂ ಬೆರಳು ಬೇಕು, ಹಳೆಯ ಗಿಟಾರಿನಲ್ಲಿ ಕಿರುಬೆರಳು ಸೋಲುತ್ತದೆ. ಮೊದಲ ತಿಂಗಳು ಕಿರುಬೆರಳು ಬಿಟ್ಟೇಬಿಡಿ, ಒಂದನೇ ತಂತಿ ಮೀಟದಿದ್ದರಾಯಿತು.

ಕೆಳಗೆ ಗೆರೆ ಹಾಕಿ ಬೇರ್ಪಡಿಸಿದ ಒಂದೊಂದು ತುಂಡೂ ಒಂದು ಬಾರ್, ಒಂದು ಬಾರ್ ಅಂದರೆ ನಾಲ್ಕು ಮಾತ್ರೆ:

ಇ7 | ಇ7 | ಇ7 | ಇ7
ಎ7 | ಎ7 | ಇ7 | ಇ7
ಬಿ7 | ಎ7 | ಇ7 | ಬಿ7

ಒಂದೊಂದು ಸಾಲೂ 16 ಮಾತ್ರೆ, ತೀನ್‌ತಾಲದ ಒಂದು ಆವರ್ತನದಷ್ಟೇ ಉದ್ದ. ಹಾಗಾಗಿ ಎಲ್ಲಿದ್ದೇವೆಂದು ಮರೆತರೆ ಬೆರಳ ಗೆಣ್ಣೆಣಿಸಿ ಸಮ್ ಹುಡುಕುವ ಅಭ್ಯಾಸ ಇಲ್ಲಿಯೂ ಕೈಹಿಡಿಯುತ್ತದೆ. ಹೋಲಿಕೆ ಅಲ್ಲಿಗೇ ಮುಗಿಯಿತು. ತೀನ್‌ತಾಲದ ಖಾಲಿ ಇಲ್ಲಿಲ್ಲ. ಒತ್ತು ಬೀಳುವುದು ಪ್ರತಿ ಬಾರಿನ ಎರಡು ಮತ್ತು ನಾಲ್ಕನೇ ಮಾತ್ರೆಗೆ.

ಹಾಡಿನ ಕಟ್ಟೂ ಇದೇ ಮೂರು ಸಾಲು. ಮೊದಲ ಸಾಲು ಹಾಡು, ಅದನ್ನೇ ಮತ್ತೊಮ್ಮೆ, ಮೂರನೆಯದರಲ್ಲಿ ಉತ್ತರ. ಪ್ರತಿ ಸಾಲಿನಲ್ಲಿ ದನಿ ಸುಮಾರು ಎರಡು ಬಾರ್ ತುಂಬುತ್ತದೆ, ಉಳಿದೆರಡರಲ್ಲಿ ಗಿಟಾರ್ ಮಾರುತ್ತರ ಕೊಡುತ್ತದೆ. ಬಾಯಲ್ಲಿ ಮಾತಿಲ್ಲದಿದ್ದರೆ ಈ ಕಟ್ಟು ಕೈಗೆ ಹತ್ತುವುದಿಲ್ಲ. ಇಂಗ್ಲಿಷ್ ಪದವೇ ಬೇಕೆಂದಿಲ್ಲ:

ಮಳಿ ಬಂತೋ ತಮ್ಮಾ, ಅಟ್ಟ ಸೋರಾಕ ಹತ್ತೇತಿ,
ಮಳಿ ಬಂತೋ ತಮ್ಮಾ, ಅಟ್ಟ ಸೋರಾಕ ಹತ್ತೇತಿ,
ಗಿಟಾರ ಒಳಗ ಇಡೋ, ಬ್ರಿಡ್ಜ ಏಳಾಕ ಹತ್ತೇತಿ.

ಹೆಬ್ಬೆರಳು 'ಧುಮ್ ಧುಮ್' ಎನ್ನುತ್ತಿರಲಿ, ಇದನ್ನು ಅದರ ಮೇಲೆ ಮಾತಿನಂತೆ ಹೇಳಿ. ರಾಗ ತಾನಾಗಿ ಬರುತ್ತದೆ.

ಕಾರ್ಡ್ ಬದಲಿಸುವಾಗ ಹೆಬ್ಬೆರಳು ನಿಂತು ಕಾಯುವುದು ಇಲ್ಲಿಯ ದೊಡ್ಡ ದೋಷ. ಎಡಗೈ ತಡವಾಗಲಿ, ತಪ್ಪಾಗಲಿ, ಹೆಬ್ಬೆರಳು ನಿಲ್ಲಬಾರದು. ಹಿಂದಿನ ಬಾರಿನ ನಾಲ್ಕನೇ ಮಾತ್ರೆಯಲ್ಲಿ ಬೆರಳೆತ್ತಿ ಹೊರಟುಬಿಡಿ. ಆ ಒಂದು ಮಾತ್ರೆ ಖಾಲಿ ತಂತಿ ಮೊಳಗಿದರೆ ಬ್ಲೂಸ್‌ನಲ್ಲಿ ಯಾರೂ ತಪ್ಪೆನ್ನುವುದಿಲ್ಲ. ತಂಬೂರಿಯನ್ನು ಮಾತ್ರ ಈ ಹಂತದಲ್ಲಿ ನಿಲ್ಲಿಸಿ. ಬಿ7ನೊಳಗೆ ಇರುವ ಶುದ್ಧ ನಿಷಾದ ಷಡ್ಜದ ಜೊತೆ ತಿಕ್ಕಾಡುತ್ತದೆ.

ಎರಡು ಗಂಧಾರದ ನಡುವೆ

ಇ ಷಡ್ಜ ಎಂದಿಟ್ಟುಕೊಂಡರೆ ಬ್ಲೂಸ್ ಕಲಿಸುವವರು ಮೊದಲು ಹೇಳಿಕೊಡುವ ಐದು ಸ್ವರ ಸಾ, ಕೋಮಲ ಗ, ಮ, ಪ, ಕೋಮಲ ನಿ. ಧಾನಿ ರಾಗದ ಸ್ವರಗಳೇ. ಜೊತೆಗೆ ಮೊಳಗುವ ಕಾರ್ಡಿನಲ್ಲಿ ಮಾತ್ರ ಶುದ್ಧ ಗಂಧಾರ. ಈ ಎರಡರ ಜಗಳವೇ ಬ್ಲೂಸ್‌ನ ಪ್ರಾಣ. ಎರಡೂ ಗಂಧಾರ ಅಂದ ಕೂಡಲೇ ಜೋಗ್ ರಾಗ ನೆನಪಾಗುವುದು ಸಹಜ. ಆದರೆ ಜೋಗ್‌ನಲ್ಲಿ ಏರುವಾಗ ಶುದ್ಧ, ಷಡ್ಜಕ್ಕೆ ಇಳಿಯುವಾಗ ಕೋಮಲ, ಎರಡಕ್ಕೂ ಗೊತ್ತಾದ ಜಾಗವಿದೆ. ಬ್ಲೂಸ್‌ನಲ್ಲಿ ನಿಲ್ಲುವುದು ಎರಡರ ನಡುವೆ, ಫ್ರೆಟ್ ಇಲ್ಲದ ಕಡೆ.

ಅದನ್ನು ಹಿಡಿಯುವುದು ಎರಡು ರೀತಿ. ಇ7 ಹಿಡಿದಾಗ ಮೂರನೇ ತಂತಿಯಿಂದ ತೋರುಬೆರಳು ಎತ್ತಿ, ಖಾಲಿ ತಂತಿ ಮೀಟಿ, ಕೂಡಲೇ ಒಂದನೇ ಫ್ರೆಟ್ಟಿನ ಮೇಲೆ ಬೆರಳನ್ನು ಬಡಿಯಿರಿ. ಕೋಮಲದಿಂದ ಶುದ್ಧಕ್ಕೆ ಒಂದೇ ಉಸಿರಿನ ಜಿಗಿತ. ಇನ್ನೊಂದು, ಒಂದನೇ ತಂತಿಯ ಮೂರನೇ ಫ್ರೆಟ್ ಒತ್ತಿ, ತಂತಿಯನ್ನು ಎರಡನೇ ತಂತಿಯ ಕಡೆಗೆ ತುಸು ತಳ್ಳಿ. ಒಂದೆರಡು ಮಿ.ಮೀ. ಅಷ್ಟೇ. ಶುದ್ಧ ಗಂಧಾರ ಮುಟ್ಟುವ ಮೊದಲೇ ನಿಲ್ಲಿಸಬೇಕು. ಗೊತ್ತಾಗದಿದ್ದರೆ ಹಾಡಿ ನೋಡಿ, ಕಂಠ ಬೆರಳಿಗಿಂತ ಬೇಗ ಹುಡುಕುತ್ತದೆ.

ಕೊನೆಯ ಎರಡು ಬಾರಿನ ತಿರುವು

ಹನ್ನೊಂದನೇ ಬಾರಿನಲ್ಲಿ ಒಂದನೇ ಮಾತ್ರೆಗೆ ಖಾಲಿ ಆರನೇ ತಂತಿ. ಎರಡನೇ ಮಾತ್ರೆಗೆ ಒಂದನೇ ಮತ್ತು ಮೂರನೇ ತಂತಿಗಳ ನಾಲ್ಕನೇ ಫ್ರೆಟ್ ಒಟ್ಟಿಗೆ ಚಿವುಟಿ, ಧಾ-ಧಿ-ನಾ ಮೂರಕ್ಕೂ ಒಂದೊಂದು ಬಾರಿ. ಮೂರನೇ ಮಾತ್ರೆಗೆ ಅದನ್ನೇ ಮೂರನೇ ಫ್ರೆಟ್ಟಿಗೆ, ನಾಲ್ಕನೇ ಮಾತ್ರೆಗೆ ಎರಡನೇ ಫ್ರೆಟ್ಟಿಗೆ ಜಾರಿಸಿ. ಹನ್ನೆರಡನೇ ಬಾರಿನ ಒಂದನೇ ಮಾತ್ರೆಗೆ ಒಂದನೇ ತಂತಿ ಖಾಲಿ, ಮೂರನೇ ತಂತಿ ಒಂದನೇ ಫ್ರೆಟ್. ಆಮೇಲೆ ಐದನೇ ತಂತಿಯಲ್ಲಿ ಖಾಲಿ, ಒಂದನೇ ಫ್ರೆಟ್, ನಾಲ್ಕನೇ ಮಾತ್ರೆಗೆ ಬಿ7. ಕೆಳಗಿನ ಫ್ರೆಟ್ಟಿಗೆ ಬಂದಂತೆ ಅಂತರ ಅಗಲವಾಗುವುದರಿಂದ ಕೈ ತಡವಾಗುತ್ತದೆ. ಬೆರಳು ಎತ್ತಬೇಡಿ, ಒತ್ತಡ ಸಡಿಲಿಸಿ ತಂತಿಯ ಮೇಲೇ ಜಾರಿಸಿ.

ಯಾರನ್ನು ಕೇಳಬೇಕು

ಮೊದಲು ಮಿಸಿಸಿಪ್ಪಿ ಜಾನ್ ಹರ್ಟ್. 1928ರಲ್ಲಿ ಧ್ವನಿಮುದ್ರಣ ಮಾಡಿ ಮರೆಯಾಗಿದ್ದ ಇವರನ್ನು 1963ರಲ್ಲಿ ಹುಡುಕಿ ತೆಗೆದರು. ಹೆಬ್ಬೆರಳು ಗಡಿಯಾರದಂತೆ ಎರಡು ತಂತಿಗಳ ನಡುವೆ ಓಡಾಡುತ್ತದೆ: ಇ ಕಾರ್ಡಿನಲ್ಲಿ 6-4-6-4, ಎ ಕಾರ್ಡಿನಲ್ಲಿ 5-4-5-4. ಒಂದೇ ತಂತಿಯ ಪೆಟ್ಟು ಗಟ್ಟಿಯಾದ ಮೇಲೆ, ಸುಮಾರು ನಾಲ್ಕನೇ ತಿಂಗಳು, ಇದನ್ನು ಹಿಡಿಯಿರಿ. ಟೆಕ್ಸಾಸ್‌ನ ಲೈಟ್ನಿನ್ ಹಾಪ್ಕಿನ್ಸ್ ಒಂದೇ ತಂತಿಯ 'ಧುಮ್ ಧುಮ್'ಗೆ ಮಾದರಿ, ಆದರೆ ಅವರ ಜೊತೆ ಬಾರ್ ಎಣಿಸಬೇಡಿ. ಮನಸ್ಸು ಬಂದಾಗ ಕಾರ್ಡ್ ಬದಲಿಸುತ್ತಾರೆ. ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮುದ್ರಿಸಿದ್ದನ್ನು ಕೇಳಿ ಸುಖಪಡಿ, ಮೊದಲ ವರ್ಷ ನಕಲು ಮಾಡಲು ಹೋಗಬೇಡಿ. ನಿಮಿಷಕ್ಕೆ 78 ಸುತ್ತಿನ ಹಳೆಯ ಗ್ರಾಮಾಫೋನ್ ತಟ್ಟೆಗಳ ವೇಗ ಒಂದೇ ಸಮ ಇರುತ್ತಿರಲಿಲ್ಲ, ಅವುಗಳ ಶ್ರುತಿಗೆ ಗಿಟಾರನ್ನು ಬಿಗಿಯುವುದೂ ಬೇಡ.

ಸ್ಲೈಡ್

ಡಬ್ಲ್ಯೂ. ಸಿ. ಹ್ಯಾಂಡಿ ಸುಮಾರು 1903ರಲ್ಲಿ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಜಾರಿಸುತ್ತ ಹಾಡುವುದನ್ನು ಕೇಳಿದರು. ಚಾಕು ಬೇಕಿಲ್ಲ. ಉಂಗುರ ಬೆರಳಿಗೆ ಸರಿಹೊಂದುವ, 19-20 ಮಿ.ಮೀ. ಒಳ ಅಳತೆಯ ದಪ್ಪ ಗಾಜಿನ ಕೊಳವೆ ಸಾಕು. ಸ್ಪ್ಯಾನರ್ ಸೆಟ್ಟಿನ ಸಾಕೆಟ್ಟೂ ಆದೀತು. ಎತ್ತರದ ತಂತಿ ಇಲ್ಲಿ ವರ. ಕೊಳವೆಯನ್ನು ಫ್ರೆಟ್ ತಂತಿಯ ನೇರ ಮೇಲೆ ನಿಲ್ಲಿಸಿ, ಎರಡು ಫ್ರೆಟ್ಟಿನ ನಡುವೆ ಅಲ್ಲ. ಒತ್ತಬೇಡಿ, ಬರೀ ತಾಗಿಸಿ. ಹಿಂದಿನ ಬೆರಳುಗಳನ್ನು ತಂತಿಯ ಮೇಲೆ ಹಗುರಾಗಿ ಇಡದಿದ್ದರೆ ಕೊಳವೆಯ ಹಿಂದಿನ ತುಂಡೂ ಕಿರುಗುಟ್ಟುತ್ತದೆ.

ಶ್ರುತಿ ಓಪನ್ ಡಿ. ಈಗಿರುವ ಡಿ-ಜಿ-ಸಿ-ಎಫ್-ಎ-ಡಿಯಲ್ಲಿ ಐದನೇ ತಂತಿಯನ್ನು ಎಗೆ, ನಾಲ್ಕನೆಯದನ್ನು ಡಿಗೆ, ಮೂರನೆಯದನ್ನು ಎಫ್ ಶಾರ್ಪಿಗೆ ಏರಿಸಿದರೆ ಖಾಲಿ ತಂತಿಗಳೇ ಒಂದು ಕಾರ್ಡ್. ಐದನೇ ಫ್ರೆಟ್ಟಿನ ಮೇಲೆ ಕೊಳವೆ ಅಡ್ಡ ಇಟ್ಟರೆ ಎ7ರ ಜಾಗ, ಏಳರ ಮೇಲೆ ಬಿ7ರ ಜಾಗ. ನಾಲ್ಕು ಮತ್ತು ಐದನೇ ತಂತಿಗಳು ಈಗ ಪೂರ್ತಿ ಶ್ರುತಿಯಲ್ಲಿ ಇರುವುದರಿಂದ ಬ್ರಿಡ್ಜಿನ ಸಂದಿಗೆ ವಿಸಿಟಿಂಗ್ ಕಾರ್ಡು ಮತ್ತೊಮ್ಮೆ ತೂರಿಸಿ ನೋಡಿ. ನುಡಿಸಿ ಮುಗಿದ ಮೇಲೆ ಮೂರನ್ನೂ ಇಳಿಸಿಯೇ ಪೆಟ್ಟಿಗೆ ಮುಚ್ಚಿ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಮತ್ತೆ ಏರಿಸುತ್ತ ನಿಲ್ಲಿಸಿ, ಇಲ್ಲದಿದ್ದರೆ ಹಳೆಯ ಕೀಯ ಹಲ್ಲು ಜಾರಿ ಬೆಳಗಾಗುವಷ್ಟರಲ್ಲಿ ತಂತಿ ಇನ್ನೂ ಕೆಳಗಿಳಿದಿರುತ್ತದೆ.